ನೂರಕ್ಕೆ ನೂರು ನಂಟು

ಹಳೆ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಜೊತೆ ಎಷ್ಟು ನಂಟಿದೆ ಅಂತ ಅಳೆಯಲು ಒಂದು ಸಮಿತಿ ಬರುವುದಿತ್ತು. ನಂಟನ್ನೂ ಅಳೆಯುವ ಕಾಲ ಬಂತು, ಇರಲಿ. ಸಮಿತಿ ಆರಿಸಿದ್ದು ಹಳೆ ವಿದ್ಯಾರ್ಥಿ ವಿಭಾಗದ ಗುಮಾಸ್ತ ಓದಿದ್ದ ತರಗತಿಯನ್ನೇ. ಒಟ್ಟು ನಲವತ್ತು ಜನ.

"ಪಕ್ಕದ ವಿಶ್ವವಿದ್ಯಾಲಯದವರು ನೂರಕ್ಕೆ ತೊಂಬತ್ತೆಂಟು ತೋರಿಸಿದಾರೆ," ಅಂದರು ನಿರ್ದೇಶಕರು. "ಸಂಜೆ ಐದರೊಳಗೆ ಅದನ್ನ ಮೀರಿಸಿದ್ರೆ ನಿಮ್ಮ ಕೆಲಸ ಖಾಯಂ. ಇಲ್ದಿದ್ರೆ ನನ್ನ ಕೇಳಬೇಡಿ."

ಗುಮಾಸ್ತ ಹನ್ನೊಂದು ವರ್ಷದಿಂದ ತಾತ್ಕಾಲಿಕ. ಬೆಳಿಗ್ಗೆ ಹೊರಡುವಾಗ ಹೆಂಡತಿ, "ಇವತ್ತಾದ್ರೂ ಖಾಯಂ ಆಗಿ ಬನ್ನಿ," ಅಂತಲೇ ಊಟದ ಡಬ್ಬಿ ಕೊಟ್ಟಿದ್ದಳು.

"ನಂಟು ಅಂದ್ರೆ ಏನು ಸಾರ್, ಪ್ರೀತೀನಾ?"

"ಪ್ರೀತಿ ಯಾರಿಗೆ ಬೇಕ್ರೀ? ನಾವು ಕಳಿಸಿದ್ದಕ್ಕೆ ಅವರು ಉತ್ತರ ಕೊಟ್ರೆ ನಂಟು."

"ಬೈದ್ರೆ?"

"ಬೈಗುಳಾನೂ ಉತ್ತರಾನೇ."

ಗುಮಾಸ್ತ ಎಲ್ಲರಿಗೂ 'ನಿಮ್ಮ ವಿದ್ಯಾಮಂದಿರ ನಿಮ್ಮನ್ನು ನೆನೆಯುತ್ತಿದೆ' ಅಂತ ಸಂದೇಶ ಕಳಿಸಿದ. ಮಧ್ಯಾಹ್ನದವರೆಗೆ ಬಂದ ಉತ್ತರ ಮೂರು. ಅದರಲ್ಲಿ ಒಬ್ಬ, 'ಯಾರು ಹೋದ್ರು?' ಅಂತ ಕೇಳಿದ್ದ.

ಪಕ್ಕದ ಮೇಜಿನ ಟೈಪಿಸ್ಟಮ್ಮನಿಗೆ ಕೇಳದಿದ್ದರೂ ಸಲಹೆ ಕೊಡುವ ಚಾಳಿ. "ನೆನೀತೀವಿ ಅಂದ್ರೆ ಯಾವನು ತಿರುಗಿ ನೋಡ್ತಾನಪ್ಪ? ಬುಡಕ್ಕೆ ಬಿಸಿ ಮುಟ್ಟಿಸು."

ಇರಲಾರದೆ ಇರುವೆ ಬಿಟ್ಟುಕೊಂಡ ಅನ್ನುತ್ತಾರಲ್ಲ, ಹಾಗಾಯಿತು. ಗುಮಾಸ್ತ ಹೊಸ ಸಂದೇಶ ಬರೆದ: 'ನಿಮ್ಮ ತರಗತಿಯ ಅಂಕಪಟ್ಟಿಯೊಂದರಲ್ಲಿ ತಪ್ಪು ಕಂಡುಬಂದಿದೆ. ಇಂದೇ ಉತ್ತರಿಸದವರ ಪದವಿಯನ್ನು ಮರುಪರಿಶೀಲಿಸಲಾಗುವುದು.'

ಹತ್ತೇ ನಿಮಿಷ. ಇಪ್ಪತ್ತು ವರ್ಷ ಈ ಕಡೆ ತಲೆ ಹಾಕದ ಮಹನೀಯರೆಲ್ಲ ಎದ್ದುಬಿದ್ದು ಉತ್ತರ ಕೊಟ್ಟರು. ಒಬ್ಬ ಆಪರೇಷನ್ ಟೇಬಲ್ ಮೇಲೆ ಮಲಗಿದ್ದಲ್ಲಿಂದಲೇ ಫೋನ್ ಮಾಡಿದ್ದ. ವಕೀಲನಾಗಿದ್ದ ಹಳೇ ಗೆಳೆಯನಂತೂ ಕರಿಕೋಟಿನಲ್ಲೇ ಬಂದು ನಿಂತ.

"ತಪ್ಪು ಯಾರದ್ದು, ತೋರ್ಸು. ನಲವತ್ತೂ ಜನರದ್ದು ಈಗಲೇ ನೋಡಬೇಕು."

"ಅದು ಸುಮ್ನೆ ಕಣೋ..." ಅಂದ ಗುಮಾಸ್ತ ಮೆಲ್ಲಗೆ.

ವಕೀಲ ಕೇಳುವ ಆಸಾಮಿಯೇ? ನೆಟ್ಟಗೆ ಪರೀಕ್ಷಾ ವಿಭಾಗಕ್ಕೆ ಹೋಗಿ, ಅಲ್ಲಿನ ಮೇಡಂ ಕೈಲಿ ಹಳೇ ದಪ್ಪ ಪುಸ್ತಕ ತೆಗೆಸಿ ಕೂತ.

ನಾಲ್ಕೂಮುಕ್ಕಾಲಿಗೆ ಗುಮಾಸ್ತ ಎದೆಯುಬ್ಬಿಸಿ ನಿರ್ದೇಶಕರ ಮುಂದೆ ನಿಂತ. "ನಲವತ್ತಕ್ಕೆ ಮೂವತ್ತೊಂಬತ್ತು ಸಾರ್."

ನಿರ್ದೇಶಕರು ಲೆಕ್ಕ ಹಾಕಿದರು. "ತೊಂಬತ್ತೇಳೂವರೆ. ಅರ್ಧ ಕಮ್ಮಿ ಬಿತ್ತಲ್ರೀ. ಉತ್ತರ ಕೊಡದ ಆ ದರಿದ್ರದವನು ಯಾರು?"

ಗುಮಾಸ್ತ ಪಟ್ಟಿ ನೋಡಿ ನಾಲಿಗೆ ಕಚ್ಚಿಕೊಂಡ. "ನಾನೇ ಸಾರ್. ಕಳಿಸೋ ಗಡಿಬಿಡೀಲಿ ಮರ್ತೆ. ಒಂದು ನಿಮಿಷ." ಜೇಬಿನಿಂದ ಫೋನ್ ತೆಗೆದು ಒತ್ತತೊಡಗಿದ.

ಅಷ್ಟರಲ್ಲಿ ಪರೀಕ್ಷಾ ವಿಭಾಗದ ಮೇಡಂ ಪುಸ್ತಕ ಹೊತ್ತು ಬಂದರು, ಹಿಂದೆಯೇ ವಕೀಲ. "ಭೇಷ್ ಕಣ್ರೀ ಗುಮಾಸ್ತರೇ, ನೀವು ಹೇಳಿದ್ದು ನಿಜ," ಅಂದರು ಮೇಡಂ. "ಒಂದು ತಪ್ಪು ಸಿಕ್ತು. ಸಂಖ್ಯಾಶಾಸ್ತ್ರದಲ್ಲಿ ಇಪ್ಪತ್ಮೂರು ಬಂದಿರೋದನ್ನ ಅಂಕಪಟ್ಟಿಗೆ ಐವತ್ಮೂರು ಅಂತ ಇಳಿಸಿದಾರೆ. ಪಾಸಾಗೋಕೆ ಮೂವತ್ತೈದು ಬೇಕು."

"ಯಾರದ್ದು?" ಅಂದರು ನಿರ್ದೇಶಕರು.

ಮೇಡಂ ಗುಮಾಸ್ತನ ಮುಖ ನೋಡಿದರು.

ನಿರ್ದೇಶಕರು ಪೆನ್ನು ತೆಗೆದು ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಗೆರೆ ಎಳೆದರು. ಅವರ ಮುಖ ಅರಳಿತು. "ಪಾಸೇ ಆಗದವನು ಹಳೆ ವಿದ್ಯಾರ್ಥಿ ಹೇಗಾಗ್ತಾನೆ? ಮೂವತ್ತೊಂಬತ್ತಕ್ಕೆ ಮೂವತ್ತೊಂಬತ್ತು. ನೂರಕ್ಕೆ ನೂರು. ಪದವಿ ಇಲ್ದೆ ಈ ಕೆಲಸ ಕೊಡೋಕೂ ಬರಲ್ಲ, ಏನ್ ಮಾಡೋಣ. ಹೋಗೋ ಮುಂಚೆ ವರದಿ ಟೈಪ್ ಮಾಡಿಸಿಟ್ಟು ಹೋಗಿ."

ಕೈಯಲ್ಲಿದ್ದ ಫೋನ್ ಬಡಿದುಕೊಂಡಿತು. ಹೆಂಡತಿ.

"ಏನ್ರೀ, ಖಾಯಂ ಆಯ್ತಾ?"

"ಆಯ್ತು ಕಣೇ," ಅಂದ. "ಮನೇಲಿ."