ಸೇತುವೆಗೆ ನಾಲ್ಕು ತಲೆ

ಇಷ್ಟೆಲ್ಲ ಆದದ್ದು ಒಂದು ಕಿರುಬೆರಳಿನ ಅಗಲಕ್ಕೆ.

ಹೋದ ವರ್ಷ ಪೇಟೆಯ ಟೋಪಿ ಹೊಲಿಯುವ ಅಸ್ಮುನಿ, ನದಿಯಾಚೆಯ ತೆಲೋಕ್ ಪಂದಾನ್ ಊರಿನ ಸ್ತುತಿಗಾಯಕರಿಗೆ ಹನ್ನೆರಡು ಕರಿ ಮಖಮಲ್ಲಿನ ಟೋಪಿ ಹೊಲಿದು ಕಳಿಸಿದ್ದ. ತಲೆಯ ಅಳತೆ ಬಂದದ್ದು ಗಂಟು ಹಾಕಿದ ಹುರಿಯಲ್ಲಿ. ಹುರಿ ದಾರಿಯಲ್ಲಿ ಮಳೆಗೆ ನೆನೆದು ಕುಗ್ಗಿತ್ತು. ಪ್ರವಾದಿಯ ಜನ್ಮದಿನದಂದು ಹನ್ನೆರಡು ಮಂದಿಯೂ ಹಲಸಿನ ಹಣ್ಣಿಗೆ ಕರಟ ಕವುಚಿದಂತೆ ಸಾಲಾಗಿ ಕೂತು ಸ್ತುತಿಪದ್ಯ ಹಾಡಿದರು. ಚರಣದ ಕೊನೆಗೆ ತಲೆಯಾಡಿಸುವುದು ರೂಢಿ. ಮೊದಲ ಚರಣಕ್ಕೇ ಏಳು ಟೋಪಿ ಉದುರಿದವು.

ಆದ್ದರಿಂದ ಈ ವರ್ಷ ತಂಡದ ಹಿರಿಯ ಸಬಿರಿನ್ ಫೋನ್ ಮಾಡಿ ಖಂಡಿತವಾಗಿ ಹೇಳಿದ್ದ: "ಹುರಿ ಗಿರಿ ಬೇಡ. ಗುರುವಾರ ನೀನೇ ಬಾ, ಅಚ್ಚು ತಗೊಂಡು ಬಾ. ನಮ್ಮ ಕಣ್ಣೆದುರಿಗೇ ಅಳೆದು, ಕತ್ತರಿಸಿ, ಅಚ್ಚಿಗೆ ಹಾಕಿ ತೋರಿಸು."

ಅಚ್ಚುಗಳೆಂದರೆ ಕಬ್ಬಿಣದಷ್ಟು ಗಟ್ಟಿಯಾದ ಮರದಲ್ಲಿ ಅಸ್ಮುನಿಯ ಅಜ್ಜ ಕೆತ್ತಿದ್ದ ನಾಲ್ಕು ತಲೆಗಳು. ಕಣ್ಣು, ಕಿವಿ, ಮೂಗು ಇಲ್ಲ, ಬರೀ ಬುರುಡೆ. ಮೂರು ತಲೆಮಾರಿನ ಅಂಗೈಯ ಜಿಡ್ಡು ಕುಡಿದು ಕಪ್ಪಗೆ ಮಿರುಗುತ್ತಿದ್ದವು. ಆ ನಾಲ್ಕು ಇದ್ದರೆ ಅಸ್ಮುನಿ ಟೋಪಿಯವನು, ಇಲ್ಲದಿದ್ದರೆ ಬರೀ ಅಸ್ಮುನಿ.

ಗುರುವಾರ ಬೆಳಿಗ್ಗೆ ಹೆಂಡತಿ ಹಮ್ಸಿಯಾ ಬಾಗಿಲಿಗೆ ಅಡ್ಡ ನಿಂತಳು.

"ಆ ಕಡೆ ಸೇತುವೆ ಕಟ್ತಿದ್ದಾರೆ ಅಂತ ಗೊತ್ತಿದ್ದೂ ಹೊರಟ್ರಲ್ಲ! ನಡುಗಂಬ ಮೂರು ಸಲ ವಾಲಿದೆ. ಬುಡಕ್ಕೆ ತಲೆ ಬೀಳೋ ತನಕ ಅದು ನಿಲ್ಲಲ್ಲ. ನಮ್ಮ ಚಿಕ್ಕಮ್ಮನ ನಾದಿನಿ ತಲೆ ಕಡಿಯೋರ ಬಿಳೀ ಕಾರನ್ನ ಕಣ್ಣಾರೆ ನೋಡಿದ್ದಾಳೆ."

"ಕಾರಲ್ಲಿ ಏನಿತ್ತಂತೆ?"

"ಏನೂ ಇರಲಿಲ್ವಂತೆ. ಅದೇ ಭಯ! ಖಾಲಿ ಕಾರು ಯಾಕೆ ಬರುತ್ತೆ ಹೇಳಿ, ತುಂಬ್ಕೊಂಡು ಹೋಗೋಕಲ್ದೆ?"

ಅಸ್ಮುನಿ ಅಚ್ಚುಗಳನ್ನು ಚೀಲಕ್ಕೆ ತುಂಬಿಕೊಂಡ. ಈ ಕತೆಯನ್ನು ಅವನೇ ಪೇಟೆಯ ಐದು ಅಂಗಡಿಗಳಲ್ಲಿ, ತನ್ನ ಕಡೆಯಿಂದ ಇನ್ನೊಂದು ಕಾರು ಸೇರಿಸಿ ಹೇಳಿ ಬಂದಿದ್ದ. ಹೇಳುವಾಗ ಮೈ ಜುಮ್ಮೆನ್ನುವುದು ಒಂದು ಸುಖ; ಈಗ ಅದೇ ಜುಮ್ಮು ಅವನನ್ನು ಹೊಸ್ತಿಲಲ್ಲೇ ಹಿಡಿದು ನಿಲ್ಲಿಸಿತು.

ಹಮ್ಸಿಯಾ ಅವನ ಕತ್ತಿಗೆ ದಪ್ಪ ಟವೆಲನ್ನು ಮೂರು ಸುತ್ತು ಸುತ್ತಿದಳು. ಕತ್ತರಿಯನ್ನು ಅಂಗಿಯೊಳಗೆ ಸೊಂಟಕ್ಕೆ ಸಿಕ್ಕಿಸಿದಳು. "ಯಾರು ಕೇಳಿದ್ರೂ ಹೆಸರು ಹೇಳ್ಬೇಡಿ, ಪಟ್ಟಿಗೆ ಸೇರಿಸ್ತಾರೆ. ಯಾರು ಕೊಟ್ರೂ ಏನೂ ಕುಡೀಬೇಡಿ, ಮದ್ದು ಹಾಕಿರ್ತಾರೆ. ಚೀಲ ಬಿಚ್ಬೇಡಿ. ಸಂಜೆ ಬಾಂಗು ಕೂಗೋದ್ರೊಳಗೆ ತಲೆ ಕತ್ತಿನ ಮೇಲೆ ಇಟ್ಕೊಂಡು ಮನೆಗೆ ಬನ್ನಿ. ನಂಗೆ ಬೇರೇನೂ ಬೇಡ."

ದೋಣಿಯವನು ದೋಲಾ ಎಂಬ ಮಾತಿನ ಮಲ್ಲ. ದಡ ಬಿಡುತ್ತಲೇ ಕೇಳಿದ:

"ಯಾವೂರಣ್ಣ? ಹೆಸರೇನು?"

"ಯಾಕೆ?"

"ಯಾಕೆ ಅಂದ್ರೆ... ಸುಮ್ನೆ."

"ಸುಮ್ನೆ ಯಾಕೆ ಬೇಕು ಹೆಸರು?"

ದೋಲಾ ಬಾಯಿ ಮುಚ್ಚಿದ. ಅವನ ಬದುಕಿನಲ್ಲಿ ಹಾಗಾದದ್ದು ಅದೇ ಮೊದಲು. ಮೂವತ್ತೈದು ಡಿಗ್ರಿ ಸೆಕೆಯಲ್ಲಿ ಕತ್ತಿಗೆ ಟವೆಲು ಸುತ್ತಿ ಬೆವರುತ್ತಿದ್ದ ಈ ಮನುಷ್ಯನನ್ನು ನೋಡಿದ. ಅಲೆ ಬಂದಾಗಲೆಲ್ಲ ಅವನ ಚೀಲದೊಳಗೆ ನಾಲ್ಕು ಗುಂಡು ವಸ್ತುಗಳು ಒಂದಕ್ಕೊಂದು ಬಡಿದು ಟೊಕ್ ಟೊಕ್ ಎನ್ನುವುದನ್ನು ಕೇಳಿದ. ಮೆಲ್ಲನೆ ಎಡಗೈ ಮಚ್ಚಿನ ಮೇಲೆ ಇಟ್ಟುಕೊಂಡು ಬಲಗೈಯಲ್ಲಿ ಹುಟ್ಟು ಹಾಕತೊಡಗಿದ. ದೋಣಿ ವಾರೆಯಾಯಿತು. ಆ ಮಚ್ಚು ನೋಡಿ ಅಸ್ಮುನಿ ಸೊಂಟದ ಕತ್ತರಿ ಮುಟ್ಟಿಕೊಂಡ. ಅದನ್ನು ನೋಡಿ ದೋಲಾ ಮಚ್ಚನ್ನು ಮಡಿಲಿಗೆ ಎಳೆದುಕೊಂಡ. ಹೀಗೆ ಇಬ್ಬರೂ ಒಬ್ಬರ ಕತ್ತನ್ನೊಬ್ಬರು ನೋಡುತ್ತ, ಇಬ್ಬರೂ ಒಂದೇ ದೇವರನ್ನು ಸ್ಮರಿಸುತ್ತ ಆಚೆ ದಡ ಸೇರಿದರು.

ಸಬಿರಿನ್ ಮನೆಯಲ್ಲಿರಲಿಲ್ಲ. ರೆಬಾನಾ ವಾದ್ಯಕ್ಕೆ ಹೊಸ ಚರ್ಮ ತರಲು ಕೆಳಗಿನೂರಿಗೆ ಹೋದವನು ಇನ್ನೂ ಬಂದಿರಲಿಲ್ಲ. ಅವನ ಮುದಿ ತಾಯಿ ಮಾಕ್ ರಪಿಯಾ ಜಗಲಿಯಲ್ಲಿ ಚಾಪೆ ಹಾಸಿ, ಕಾಫಿ ತಂದಿಟ್ಟಳು.

"ಕುಡಿಯಪ್ಪ."

"ಬೇಡ."

"ಬೇಡಾಂದ್ರೆ ಬೇಡ. ಬೆರಳಾದ್ರೂ ತಾಗಿಸು."

ಆ ಸೀಮೆಯಲ್ಲಿ ಮಗುವಿಗೂ ಗೊತ್ತು: ಎದುರಿಗಿಟ್ಟ ಕಾಫಿ ಕುಡಿಯದಿದ್ದರೆ ಬೆರಳಿನಿಂದ ಲೋಟ ಮುಟ್ಟಿ ಆ ಬೆರಳನ್ನು ತುಟಿಗೆ ಒತ್ತಿಕೊಳ್ಳಬೇಕು. ಇಲ್ಲದಿದ್ದರೆ ಹೊತ್ತು ಮುಳುಗುವುದರೊಳಗೆ ಕೇಡು ಹುಡುಕಿಕೊಂಡು ಬರುತ್ತದೆ, ಹಾವಾಗಿಯೋ ಮೊಸಳೆಯಾಗಿಯೋ. ಅಸ್ಮುನಿಯೂ ಹುಟ್ಟಿದಂದಿನಿಂದ ಲೋಟ ಮುಟ್ಟಿದವನೇ. ಆದರೆ ಇವತ್ತು ಆ ಬೆರಳು ತುಟಿಗೆ ಹೋಗಬೇಕಲ್ಲ, ಮದ್ದು ಬೆರಳಿಗೂ ಅಂಟಬಹುದಲ್ಲ! ಎರಡೂ ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ.

ಮಾಕ್ ರಪಿಯಾ ಮೂರು ಹೆಜ್ಜೆ ಹಿಂದಕ್ಕೆ ಸರಿದಳು. ಎಪ್ಪತ್ತು ವರ್ಷದಲ್ಲಿ ಅವಳು ಜಿಪುಣರನ್ನು ಕಂಡಿದ್ದಳು, ಕುಡುಕರನ್ನು ಕಂಡಿದ್ದಳು. ಲೋಟ ಮುಟ್ಟದವನನ್ನು ಕಂಡಿರಲಿಲ್ಲ.

ಅಷ್ಟರಲ್ಲಿ ದೋಲಾ ಹತ್ತು ಮಂದಿಯನ್ನು ಕರೆದುಕೊಂಡು ಬಂದ. ಗಾಬರಿಯಲ್ಲಿ ಅಸ್ಮುನಿ ಕೆಲಸ ತೋರಿಸಿ ಪಾರಾಗೋಣವೆಂದು ಅಳತೆಪಟ್ಟಿಯನ್ನೂ ಹೋದ ವರ್ಷದ ತಲೆಯಳತೆಯ ಪುಸ್ತಕವನ್ನೂ ಹೊರಗೆ ತೆಗೆದ. ದೋಲಾ ಪುಸ್ತಕ ಕಿತ್ತುಕೊಂಡು ಗಟ್ಟಿಯಾಗಿ ಓದಿದ.

"ಸಬಿರಿನ್, ಐವತ್ತೆಂಟು. ಮುಸ್ತಫಾ, ಅರವತ್ತು, ಪಕ್ಕದಲ್ಲಿ ಬರೆದಿದ್ದಾನೆ, ದೊಡ್ಡದು. ರಬುವಾನ್, ಐವತ್ತಾರು... ಅಯ್ಯೋ! ರಬುವಾನನ ಹೆಸರಿಗೆ ಗೀಟು ಹೊಡೆದಿದ್ದಾನೆ!"

ಎಲ್ಲರೂ ತಣ್ಣಗಾದರು. ರಬುವಾನ್ ಎರಡು ತಿಂಗಳ ಹಿಂದೆ ತೀರಿಕೊಂಡಿದ್ದ.

"ಅವರು ಹೋದ್ರು ಅಂತ ಸಬಿರಿನ್ ಫೋನಲ್ಲಿ ಹೇಳಿದ. ಅದಕ್ಕೇ ಗೀಟು ಹಾಕ್ದೆ!" ಎಂದ ಅಸ್ಮುನಿ.

"ಹೋದ್ಮೇಲೆ ಗೀಟು ಹಾಕಿದ್ಯೋ, ಗೀಟು ಹಾಕಿದ್ಮೇಲೆ ಹೋದ್ನೋ?" ಎಂದಳು ಮಾಕ್ ರಪಿಯಾ.

ಯಾರೋ ಚೀಲಕ್ಕೆ ಕೈ ಹಾಕಿದರು. ಅಸ್ಮುನಿ ತಬ್ಬಿಕೊಂಡ. ಎಳೆದಾಟದಲ್ಲಿ ಚೀಲ ಹರಿಯಿತು. ನಾಲ್ಕು ಕರಿ ಬುರುಡೆಗಳು ಜಗಲಿಯ ಮೆಟ್ಟಿಲುಗಳ ಮೇಲೆ ಡಣ್ ಡಣ್ ಎಂದು ಉರುಳಿ ಅಂಗಳದಲ್ಲಿ ನಿಂತವು. ಇಡೀ ಊರು ಒಂದೇ ಗಂಟಲಲ್ಲಿ ಕಿರುಚಿತು.

"ಮುಖಾನೇ ಕೆರೆದು ಹಾಕಿದಾನ್ರೋ!"

ಊರು ಕೂಡಿಸುವ ಮರದ ಗಂಟೆ ಬಡಿಯಿತು. ಮಚ್ಚುಗಳು ಬಂದವು. ಸೊಂಟದ ಕತ್ತರಿಯೂ ಸಿಕ್ಕಿತು. ಅಸ್ಮುನಿಗೆ ಆ ಕ್ಷಣದಲ್ಲಿ ಎಲ್ಲ ಹೊಳೆಯಿತು: ತಲೆ ಕೂಡಿಸಿ ಕೊಡುವ ಊರೇ ಇದು! ಅಳತೆ ನೆಪ ಮಾಡಿ ಕರೆಸಿದ್ದಾರೆ! ಅವನು ಮೊಣಕಾಲೂರಿ ಕೂಗಿದ:

"ನನ್ನದು ಬಿಟ್ಬಿಡಿ ಅಪ್ಪಂದಿರಾ! ನಂದು ಬರೀ ಐವತ್ಮೂರು! ಸೇತುವೆಗೆ ಸಾಲಲ್ಲ!"

"ಕೇಳಿದ್ರಾ? ಸೇತುವೆಗೆ ಎಷ್ಟು ಬೇಕು ಅನ್ನೋ ಅಳತೇನೂ ಗೊತ್ತಿದೆ ಇವನಿಗೆ!" ಎಂದ ದೋಲಾ.

ಮಾಕ್ ರಪಿಯಾ ಕೈಯೆತ್ತಿದಳು. "ತಡೀರಿ. ತಲೆ ಕಡಿಯೋನ ಬಾಯಲ್ಲಿ ಸ್ತುತಿಪದ್ಯ ಬರಲ್ಲ. ಹಾಡು ನೋಡೋಣ."

ಅಸ್ಮುನಿಯ ತಾಯಿ ಅವನನ್ನು ತೊಟ್ಟಿಲಲ್ಲಿ ತೂಗಿದ್ದೇ ಆ ಪದ್ಯ ಹೇಳುತ್ತ. ಹಲ್ಲು ಬರುವ ಮೊದಲೇ ಅವನಿಗೆ ಅದು ಬಂದಿತ್ತು. ಬಾಯಿ ತೆರೆದ. ಪದ್ಯಕ್ಕೆ ಗಂಟಲು ಬೇಕು. ಆ ಗಂಟಲಿನ ಮೇಲೆ ಈಗ ದೋಲಾನ ಮಚ್ಚು ಇತ್ತು. ಮೊದಲಕ್ಷರವೂ ಹೊರಡಲಿಲ್ಲ.

"ಆಯ್ತು, ಮುಗೀತು," ಎಂದ ದೋಲಾ.

ಅಷ್ಟರಲ್ಲಿ ಗಂಟೆಯ ಸದ್ದು ಕೇಳಿ ಸೇತುವೆಯ ಮೇಸ್ತ್ರಿ ಸುತ್ರಿಸ್ನೊ ಓಡಿಬಂದ. ಜಾವಾದವನು. ಮೂರು ವಾರದಿಂದ ಊರವರು ಕೂಲಿಗೆ ಬರದೆ ಅವನು ಅರ್ಧ ಸೊರಗಿದ್ದ. ಮಚ್ಚುಗಳನ್ನು ನೋಡಿ ಉಳಿದರ್ಧವೂ ಸೊರಗಿದ.

"ಇವನು ನಿನ್ನ ಆಳಾ?" ಎಂದಳು ಮಾಕ್ ರಪಿಯಾ.

"ಅಲ್ಲಮ್ಮ! ನಮ್ಗೆ ತಲೆ ಬೇಡ! ಸಿಮೆಂಟು, ಮರಳು, ಕಬ್ಬಿಣ, ಇಷ್ಟೇ! ಕಂಬ ವಾಲೋದು ಕೆಸರಿಗೆ. ಅಲ್ಲಾನ ಆಣೆ!"

ಮಾಕ್ ರಪಿಯಾ ಅವನನ್ನೇ ನೋಡಿದಳು. ದನಿ ಏರಿಸಲಿಲ್ಲ.

"ರಸ್ತೆ ಬಂತು. ನನ್ನ ಒಂಬತ್ತು ದುರಿಯನ್ ಮರ ಹೋಯ್ತು. ಕೇಳಿದ್ರಾ? ಟವರ್ ಬಂತು. ನಮ್ಮತ್ತೆ ಮಾವನ ಗೋರಿ ಹೋಯ್ತು. ಕೇಳಿದ್ರಾ? ಕಾಗದ ತಂದು ಹೆಬ್ಬೆಟ್ಟು ಒತ್ತಿಸ್ಕೊಂಡ್ರಿ. ಅದ್ರಲ್ಲಿ ಏನಿದೆ ಅಂತ ಇವತ್ತಿಗೂ ಯಾರೂ ಓದಿ ಹೇಳಿಲ್ಲ. ಪ್ರತಿ ಸಲಾನೂ 'ಏನೂ ಆಗಲ್ಲಮ್ಮ' ಅಂದಿದ್ರಿ. ಈಗ 'ತಲೆ ಬೇಡಮ್ಮ' ಅಂತೀಯ. ನಮ್ಮ ಹತ್ರ ತಗೊಳ್ಳೋಕೆ ಕತ್ತಿನ ಮೇಲಿರೋದೊಂದು ಬಿಟ್ಟು ಇನ್ನೇನು ಉಳಿದಿದೆ, ನೀನೇ ಹೇಳಪ್ಪ."

ಸುತ್ರಿಸ್ನೊ ತಲೆ ತಗ್ಗಿಸಿದ. ಅವನ ಕಣ್ಣು ಅಂಗಳದಲ್ಲಿ ಬಿದ್ದಿದ್ದ ಬುರುಡೆಗಳ ಮೇಲೆ ಹೋಯಿತು. ಬಗ್ಗಿ ಒಂದನ್ನು ಹೆದರುತ್ತಲೇ ಮುಟ್ಟಿದ. ಉಗುರಿನಿಂದ ತಟ್ಟಿದ.

"ಇದು ಮರ!"

"ಮರಾನೇ! ಟೋಪಿ ಅಚ್ಚು! ಬೆಳಿಗ್ಗೆಯಿಂದ ಹೇಳ್ತಿದ್ದೀನಿ!" ಎಂದ ಅಸ್ಮುನಿ. ನಿಜಕ್ಕೂ ಅವನು ಬೆಳಿಗ್ಗೆಯಿಂದ ಅದೊಂದನ್ನು ಬಿಟ್ಟು ಬೇರೆಲ್ಲ ಹೇಳಿದ್ದ.

ಜನ ಒಬ್ಬೊಬ್ಬರಾಗಿ ಬಂದು ತಟ್ಟಿ ನೋಡಿದರು. ಮಚ್ಚುಗಳು ಇಳಿದವು, ಭಯ ಮಾತ್ರ ಇಳಿಯಲಿಲ್ಲ. ಮಾಕ್ ರಪಿಯಾ ಒಂದು ಅಚ್ಚನ್ನು ಮಡಿಲಿಗೆತ್ತಿಕೊಂಡು ಮಗುವಿನ ನೆತ್ತಿ ಸವರುವಂತೆ ಸವರಿದಳು.

"ಎಷ್ಟು ಜನರ ಟೋಪಿ ಇದರ ಮೇಲೆ ಹೊಲಿದಿದ್ದೀಯ?"

"ಅಜ್ಜನ ಕಾಲದಿಂದ... ಸಾವಿರಾರು."

"ಹಾಗಾದ್ರೆ ಸಾವಿರಾರು ತಲೆ ಇದರೊಳಗಿದೆ. ನಡುಗಂಬಕ್ಕೆ ಇವನ್ನೇ ಹಾಕಿ. ನಮ್ಮೂರಿನ ಪಾಲು ಸಂದಿತು ಅಂತ ಎಲ್ಲರೆದುರಿಗೂ ಹೇಳಿ. ನಾಳೆಯಿಂದ ಗಂಡಸರು ಕೂಲಿಗೆ ಬರ್ತಾರೆ."

ಮೇಸ್ತ್ರಿಯ ಮುಖ ಅರಳಿತು. "ಕಾಂಕ್ರೀಟು ಕಲಸಿಟ್ಟಿದ್ದೀನಿ. ಈಗಲೇ ಹಾಕೋಣ!"

"ನನ್ನ ಅಚ್ಚು! ಅಜ್ಜ ಕೆತ್ತಿದ್ದು! ಅದಿಲ್ದೆ ನಾನೇನು ಮಾಡ್ಲಿ?"

"ಕೊಡೋದಾದ್ರೆ ಕೊಡು, ಬಲವಂತ ಇಲ್ಲ," ಎಂದಳು ಮಾಕ್ ರಪಿಯಾ. ದೋಲಾ ಮಚ್ಚನ್ನು ಪಂಚೆಗೆ ಒರೆಸಿಕೊಂಡ. ಅಸ್ಮುನಿ ಕೊಟ್ಟ.

ಮಧ್ಯಾಹ್ನದ ಬಿಸಿಲಿನಲ್ಲಿ, ನಡುನದಿಯ ಕಂಬದ ಬಾಯಿಯಲ್ಲಿ, ಅವನೇ ತನ್ನ ಕೈಯಾರೆ ಒಂದೊಂದಾಗಿ ನಾಲ್ಕನ್ನೂ ಇಳಿಬಿಟ್ಟ. ಬೂದು ಕೆಸರು ಬುಳಕ್ ಎಂದು ನುಂಗಿತು. ಕೊನೆಯದು ಮುಳುಗುವಾಗ, ಅಷ್ಟು ಹೊತ್ತು ಎಲ್ಲಿ ಅಡಗಿತ್ತೋ, ಸ್ತುತಿಪದ್ಯ ಮೊದಲಿಂದ ಕೊನೆಯವರೆಗೆ ಒಂದಕ್ಷರ ತಪ್ಪದೆ ಅವನ ಗಂಟಲಿನಿಂದ ಹರಿದು ಬಂತು. ದಡದಲ್ಲಿದ್ದವರು ತಲೆಯಾಡಿಸಿದರು. ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ದೋಲಾ ಫೋನು ಎತ್ತಿ ಪಟ ತೆಗೆದ.

ದಡಕ್ಕೆ ಬಂದರೆ ಎದುರಿಗೆ ಚರ್ಮದ ಸುರುಳಿ ಹೊತ್ತ ಸಬಿರಿನ್.

"ಓ ಅಸ್ಮುನಿ! ತಡ ಆಯ್ತು, ಬೇಜಾರ್ ಮಾಡ್ಕೋಬೇಡ. ಅಚ್ಚು ತಂದ್ಯಾ?"

ಅಸ್ಮುನಿ ನಡುಗಂಬದತ್ತ ಕೈ ತೋರಿಸಿ ದೋಣಿ ಹತ್ತಿದ.

ಪೇಟೆಯ ಓಣಿಗೆ ಬಂದಾಗ ಬಾಂಗಿಗೆ ಇನ್ನೂ ಹೊತ್ತಿತ್ತು. ತಲೆ ಕತ್ತಿನ ಮೇಲೇ ಇತ್ತು. ಆದರೆ ದಿನಾ ಅವನ ಕಾಲಿಗೆ ಅಡ್ಡ ಬರುವ ಮಕ್ಕಳನ್ನು ತಾಯಂದಿರು ಒಳಗೆಳೆದುಕೊಂಡರು. ದೋಲಾನ ಪಟ ಅವನಿಗಿಂತ ಒಂದು ಗಂಟೆ ಮೊದಲೇ ನದಿ ದಾಟಿತ್ತು. ಪಟದಲ್ಲಿ ಅಸ್ಮುನಿ, ಕೈಯಲ್ಲಿ ಕರಿ ಬುರುಡೆ, ಕಣ್ಣಲ್ಲಿ ನೀರು. ಕೆಳಗೆ ದೋಲಾ ಬರೆದದ್ದು ಒಂದೇ ಸಾಲು: 'ಸೇತುವೆಗೆ ನಾಲ್ಕು ತಲೆ ಸಂದವು.' ಪೇಟೆಗೆ ಬರುವಷ್ಟರಲ್ಲಿ ನಾಲ್ಕು ಒಂಬತ್ತಾಗಿತ್ತು.

ಮನೆಯ ಬಾಗಿಲಿಗೆ ಅಗಳಿ ಬಿದ್ದಿತ್ತು.

"ಹಮ್ಸಿಯಾ, ನಾನು ಕಣೇ."

"ಯಾರದ್ದು ಆ ತಲೆಗಳು?"

"ಅಚ್ಚು ಕಣೇ! ನಮ್ಮನೆ ಅಚ್ಚು! ಗೂಡು ನೋಡು, ಖಾಲಿ ಇಲ್ವಾ?"

ಒಳಗೆ ಹೆಜ್ಜೆಯ ಸದ್ದು ಗೂಡಿನ ಕಡೆಗೆ ಹೋಯಿತು, ವಾಪಸು ಬಂತು. ಅಸ್ಮುನಿ ಕದಕ್ಕೆ ಬಾಯಿ ಹಚ್ಚಿ, ಬದುಕಿನಲ್ಲೇ ಮೊದಲ ಸಲ, ಬುದ್ಧಿವಂತನ ಹಾಗೆ ಮಾತಾಡಿದ.

"ನಾವು ಇಷ್ಟು ದಿನ ನಂಬಿದ್ದೆಲ್ಲ ಸುಳ್ಳು ಕಣೇ. ಬಿಳಿ ಕಾರೂ ಸುಳ್ಳು. ಎರಡನೇ ಕಾರಂತೂ ನಾನೇ ಸೇರಿಸಿದ್ದು. ಸೇತುವೆಗೆ ಯಾರ ತಲೇನೂ ಬೇಡ. ಮೇಸ್ತ್ರಿ ಅಲ್ಲಾನ ಆಣೆ ಹಾಕಿ ಹೇಳಿದ್ದನ್ನ ನನ್ನ ಕಿವಿಯಾರೆ ಕೇಳಿದೀನಿ."

"ಆಣೆ ಹಾಕಿದ್ನಾ?"

"ಎಲ್ಲರೆದುರಿಗೆ!"

ಎದುರು ಜಗಲಿಯಲ್ಲಿ ಕಾಫಿ ಹಿಡಿದು ಕೂತಿದ್ದ ನೆರೆಯವರು ಕಿವಿ ನಿಮಿರಿಸಿದರು. ಒಳಗೆ ಅಗಳಿ ಕಿರ್ರೆಂದು ಸರಿಯಿತು. ಕದ ಎರಡು ಬೆರಳಷ್ಟು ತೆರೆದು ಹಮ್ಸಿಯಾಳ ಒಂದು ಕಣ್ಣು ಕಂಡಿತು.

ಅದೇ ಹೊತ್ತಿಗೆ ಓಣಿಯ ತುದಿಯಿಂದ ಬಾಡಿಗೆ ಬೈಕೊಂದು ಬಂದು ಮನೆಯೆದುರು ನಿಂತಿತು. ಸುತ್ರಿಸ್ನೊ ಇಳಿದು ಓಡಿಬಂದು ಅಸ್ಮುನಿಯ ಎರಡೂ ಕೈ ಹಿಡಿದುಕೊಂಡ. ಅವನ ಮುಖದಲ್ಲಿ ಹೊಸದಾಗಿ ನಂಬಿದವನ ಹೊಳಪಿತ್ತು.

"ಅಸ್ಮುನಿ ಅಣ್ಣ! ಕಂಬ ನಿಂತ್ಬಿಡ್ತು! ಮೂರು ಸಲ ವಾಲಿದ್ದು ಈ ಸಲ ಕೂದಲೆಳೆಯಷ್ಟೂ ಅಲ್ಲಾಡಿಲ್ಲ! ನಂಗೇನು ಗೊತ್ತಿತ್ತು? ಇಂಜಿನಿಯರಿಗೂ ಹೇಳ್ಬಿಟ್ಟೆ. ಮೇಲ್ಗಡೆ ಇನ್ನೊಂದು ಸೇತುವೆ ಇದೆ. ತಿಂಗಳ ಕೊನೆಯೊಳಗೆ ಇಪ್ಪತ್ತಾರು ತಲೆ ಬೇಕು. ನಿನ್ನ ಬಿಟ್ಟು ಬೇರೆ ಯಾರ ಹತ್ರಾನೂ ತಗೊಳ್ಳಲ್ಲ!"

ಕದ ಮುಚ್ಚಿತು. ಒಂದು ಅಗಳಿ ಬಿತ್ತು. ಎರಡನೆಯದು ಬಿತ್ತು. ಆಮೇಲೆ ಒಳಗಿನಿಂದ ಹೊಲಿಗೆ ಯಂತ್ರವನ್ನು ಎಳೆದು ಕದಕ್ಕೆ ಒತ್ತಿ ಇಟ್ಟ ಸದ್ದು ಕೇಳಿಸಿತು.

ಮಸೀದಿಯಲ್ಲಿ ಬಾಂಗು ಶುರುವಾಯಿತು. ಅಸ್ಮುನಿಗೆ ಬೆಳಗಿನ ಕಾಫಿ ನೆನಪಾಯಿತು. ಹೊತ್ತು ಪೂರ್ತಿ ಮುಳುಗಲು ಇನ್ನೂ ಒಂದು ಚೂರು ಬಾಕಿಯಿತ್ತು. ಅವನು ಓಣಿ ದಾಟಿ ಎದುರು ಜಗಲಿಗೆ ಓಡಿ, ನೆರೆಯವರ ಮುಂದಿದ್ದ ಲೋಟದತ್ತ ಒಂದೇ ಒಂದು ಬೆರಳು ಚಾಚಿದ.

ನೆರೆಮನೆಯಾಕೆ ತಟ್ಟೆಯ ಸಮೇತ ಲೋಟಗಳನ್ನೆಲ್ಲ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು.