ಪೈಲ್ವಾನನ ಹಸಿವು

ಮರಿಲಿಂಗಪ್ಪನ ಮನೆಯ ಹೋತದ ಹೆಸರು ಪೈಲ್ವಾನ. ಹೆಸರು ಕೇಳಿ ನೋಡಲು ಬಂದವರು ಹೋತ ಎಲ್ಲಿದೆ ಎಂದು ಹುಡುಕುತ್ತಿದ್ದರು. ಅದು ಅವರೆದುರಿಗೇ ಗೋಡೆಗೆ ಒರಗಿಕೊಂಡು ನಿಂತಿರುತ್ತಿತ್ತು. ಹುಟ್ಟಿದ ಮೂರನೇ ದಿನಕ್ಕೆ ತಾಯಿಯನ್ನು ಕಳೆದುಕೊಂಡ ಮರಿಗೆ ಮರಿಲಿಂಗಪ್ಪ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದ. ಬದುಕಿತು ನಿಜ, ಮೈ ಮಾತ್ರ ಹಿಡಿಯಲಿಲ್ಲ. ವರ್ಷ ತುಂಬಿದರೂ ರಸ್ತೆಯ ಆಚೆಯಿಂದಲೇ ಅದರ ಪಕ್ಕೆಲುಬುಗಳು ಕಾಣುತ್ತಿದ್ದವು.

ಈಗ ಎರಡು ದಿನದಿಂದ ಅದು ಏನನ್ನೂ ಮುಟ್ಟಿರಲಿಲ್ಲ. ಮಂಗಳವಾರ ಬೆಳಿಗ್ಗೆ ಮರಿಲಿಂಗಪ್ಪ ಕಾಲುವೆಯ ಗೇಟು ಎತ್ತುವ ತನ್ನ ಕೆಲಸ ಮುಗಿಸಿ ಓಡೋಡಿ ಬಂದು, ಹಸಿ ಹುಲ್ಲು ಹಿಡಿದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತ.

“ಒಂದ ತುತ್ತು ತಿನ್ನೋ ನನ್ನಪ್ಪ.”

ಪೈಲ್ವಾನ ಹುಲ್ಲನ್ನೂ ಅವನನ್ನೂ ಒಮ್ಮೆ ನೋಡಿತು. ಅರ್ಜಿ ಹಿಡಿದು ಬಂದವನನ್ನು ಊಟಕ್ಕೆ ಎದ್ದ ಸಾಹೇಬರು ನೋಡುತ್ತಾರಲ್ಲ, ಹಾಗೆ. ನೋಡಿ ಮುಖ ತಿರುಗಿಸಿತು.

ಅಷ್ಟರಲ್ಲಿ ಗೋಗಿ ಊರಿನ ಕಡೆಯ ಟಂಟಂ ಆಟೋ ಮನೆಮುಂದೆ ನಿಂತಿತು. ಅದರಿಂದ ಹೂವು, ಬಾಳೆಹಣ್ಣು, ಅರಿಶಿನದ ಚೀಲದ ಸಮೇತ ಅತ್ತೆ ಕರೆಮ್ಮ ಇಳಿದಳು. ಮರಿಲಿಂಗಪ್ಪ ಕೂತಲ್ಲೇ ಹೋತಕ್ಕೆ ಅಡ್ಡವಾಗಿ ಸರಿದ.

ಹೋದ ವರ್ಷ ಕರೆಮ್ಮ ತನ್ನ ಮೊಣಕಾಲು ನೋವು ನಿಂತರೆ ಕಾಲುವೆ ದಂಡೆಯ ದುರಗಮ್ಮನಿಗೆ ಒಂದು ಹೋತ ಕೊಡುವುದಾಗಿ ಹರಕೆ ಹೊತ್ತಿದ್ದಳು. ನೋವು ನಿಂತಿತು. ಹರಕೆ ಹೊತ್ತವಳು ಅತ್ತೆ, ಹೋತ ಮಾತ್ರ ಅಳಿಯನದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎನ್ನುವುದು ಇದಕ್ಕೇ. ಹೋತ ಸೊರಗಿದೆ ಎಂಬ ನೆಪದಲ್ಲಿ ಮರಿಲಿಂಗಪ್ಪ ಎರಡು ಸಲ ಮುಂದೂಡಿದ್ದ.

“ಮತ್ತ ಕಾಲು ಹಿಡಕೊಂಡಾವ ಅಳಿಯಾ,” ಎಂದಳು ಕರೆಮ್ಮ, ಕುಂಟುತ್ತ ಒಳಗೆ ಬಂದು. “ದ್ಯಾವಿ ಹರಕಿ ನೆಪ್ಪು ಮಾಡಾಕತ್ಯಾಳ. ಇವತ್ತು ಸಂಜಿಗಿ ತೀರಿಸೇಬಿಡಮ್ಮು.”

“ಅತ್ತಿ, ಅದು ಎರಡು ದಿನ ಆತ್ರಿ, ಏನೂ ತಿನ್ನವಲ್ದು. ಜಡ್ಡಿನ ಜೀವ ದ್ಯಾವಿಗಿ ಕೊಡಬಾರದ್ರಿ.”

“ಸಂಜಿತನಾ ಯಾಳ್ಯಾ ಅದ. ತಿನ್ನಸು. ನಾಕು ತುತ್ತು ತಿಂತಂದ್ರ ಜಡ್ಡು ಅಂತ ಯಾರಂತಾರ?”

ತಿಂದರೆ ದೇವಿಯ ಪಾಲು, ತಿನ್ನದಿದ್ದರೆ ಮಣ್ಣಿನ ಪಾಲು. ಮರಿಲಿಂಗಪ್ಪ ಕೈಯಲ್ಲಿದ್ದ ಹುಲ್ಲನ್ನು ಮುಂದೆ ಚಾಚಬೇಕೋ ಹಿಂದೆ ಎಳೆಯಬೇಕೋ ತಿಳಿಯದೆ ಹಾಗೇ ಕೂತ. ಆದರೆ ಹಸಿದ ಜೀವ ಕಣ್ಣೆದುರಿಗೆ ನಡುಗುತ್ತಿರುವಾಗ ಎಷ್ಟು ಹೊತ್ತು ಲೆಕ್ಕ ಹಾಕಲಾದೀತು? ಮೊದಲು ಬದುಕಲಿ, ಉಳಿದದ್ದು ಆಮೇಲೆ ಎಂದುಕೊಂಡ.

ಓಣಿಗೆ ಸುದ್ದಿ ಹಬ್ಬಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಪಕ್ಕದ ಮನೆಯ ಮದೀನಾಬೀ ಅಜವಾನದ ಕಷಾಯ ತಂದಳು. “ಹೊಟ್ಟಿ ಬಿಗದದ ಬೇಟಾ, ಇದು ಕುಡಸು.” ಮರಿಲಿಂಗಪ್ಪ ಹೋತದ ಬಾಯಿ ಅಗಲಿಸಿ ಹಿಡಿದ, ಅವಳು ಸುರಿದಳು. ಪೈಲ್ವಾನ ಒಂದು ಗಳಿಗೆ ತಡೆದು, ಕುಡಿದದ್ದನ್ನೆಲ್ಲ ಮರಿಲಿಂಗಪ್ಪನ ಮುಖಕ್ಕೆ ಸೀನಿತು.

ಆಮೇಲೆ ಬಂದವನು ಅಂಬಣ್ಣ. ದನದ ದವಾಖಾನೆಯಲ್ಲಿ ಕಂಪೌಂಡರನಾಗಿದ್ದು ನಿವೃತ್ತನಾದವನು. ಓಣಿಗೆಲ್ಲ ಅವನೇ ಡಾಕ್ಟರು. ಹೋತದ ಬಾಲ ಎತ್ತಿ ನೋಡಿದ, ಕಿವಿ ಮುಟ್ಟಿದ, ಏನನ್ನೋ ಯೋಚಿಸಿದ. “ಜಾಲಿಕಾಯಿ ತಾ. ಜಾಲಿಕಾಯಿ ಒಲ್ಲೆ ಅನ್ನೋ ಆಡು ನನ್ನ ಸರ್ವಿಸಿನ್ಯಾಗ ನೋಡಿಲ್ಲ.”

“ಕಾಲುವಿ ಬಂದ ಮ್ಯಾಲ ಜಾಲಿ ಎಲ್ಲದ ಅಂಬಣ್ಣ? ಎಲ್ಲಾ ಕಡದು ಭತ್ತ ಹಚ್ಯಾರ.”

“ಮಗನಂಗ ಸಾಕೀನಿ ಅಂತಿ, ಒಂದು ಗಿಡ ಹುಡುಕಾಕ ಆಗಾಂಗಿಲ್ಲೇನು?”

ಮಾತು ನಾಟಿತು. ಮರಿಲಿಂಗಪ್ಪ ಗದ್ದೆಯ ಬದುಗಳ ಮೇಲೆ ಎರಡು ಮೈಲಿ ನಡೆದು, ಉಳಿದಿದ್ದ ಒಂದೇ ಒಂದು ಜಾಲಿಮರ ಹತ್ತಿದ. ಇಳಿಯುವಾಗ ಉಡಿಯ ತುಂಬ ಕಾಯಿ ಇದ್ದವು, ಪಾದದ ತುಂಬ ಮುಳ್ಳಿದ್ದವು, ಧೋತರದ ಅರ್ಧ ಮರದಲ್ಲೇ ಇತ್ತು. ಕುಂಟುತ್ತ ಬಂದ ಅಳಿಯನನ್ನು ಕಂಡು ಕುಂಟುವ ಅತ್ತೆಗೆ ಸ್ವಲ್ಪ ಸಮಾಧಾನವಾದಂತಿತ್ತು. ಪೈಲ್ವಾನ ಜಾಲಿಕಾಯಿ ಮೂಸಿ, ಗೋಡೆಯ ಕಡೆ ತಿರುಗಿ ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿಹೋಗಿತ್ತು. ಒಬ್ಬರ ಕೈಯಲ್ಲಿ ಬೇವಿನ ಸೊಪ್ಪು, ಇನ್ನೊಬ್ಬರ ಕೈಯಲ್ಲಿ ನೆನೆಸಿದ ಕಡಲೆ, ಮತ್ತೊಬ್ಬರ ಕೈಯಲ್ಲಿ ಬೆಲ್ಲ ಸವರಿದ ರೊಟ್ಟಿ. ಎಲ್ಲರ ಬಾಯಲ್ಲೂ ಒಂದೇ ಮಾತು: “ತಿನ್ನು, ತಿನ್ನು!” ಮಾವನ ಮನೆಯಲ್ಲಿ ಉಣ್ಣಲು ಕೂತ ಹೊಸ ಅಳಿಯನಂತೆ ಹೋತ ಕಣ್ಣು ಮುಚ್ಚಿಕೊಂಡಿತು.

ಓಣಿಯವರಿಗೆಲ್ಲ ತನ್ನ ಪೈಲ್ವಾನನ ಮೇಲೆ ಇಷ್ಟು ಪ್ರೀತಿಯೇ ಎಂದು ಮರಿಲಿಂಗಪ್ಪ ಉಬ್ಬಿಹೋದ. ಅಷ್ಟರಲ್ಲಿ ಅಂಬಣ್ಣ ಹೋತದ ಬೆನ್ನ ಮೇಲೆ ಕೈಯಾಡಿಸಿ ಪಕ್ಕದವನಿಗೆ ಹೇಳುತ್ತಿದ್ದುದು ಕೇಳಿಸಿತು: “ಖಂಡ ಕಮ್ಮಿ. ಆದ್ರ ಸಾರಿಗಿ ಮೋಸ ಇಲ್ಲ ಬಿಡು. ಎಲುಬಿನ ಸಾರಿನ ರುಚಿನ ಬ್ಯಾರೆ.”

ಮರಿಲಿಂಗಪ್ಪ ಉರಿದುಬಿದ್ದ. “ನಡೀರಿ ಎಲ್ಲಾರೂ! ಅದಕ್ಕ ಗಾಳಿ ಬರವಲ್ದು!”

“ಹೋಗ್ತೀವಪಾ,” ಎಂದ ಅಂಬಣ್ಣ, ಹೊಸಿಲು ದಾಟುತ್ತ. “ಒಂದೀಟು ಎಣ್ಣಿ ಹಚ್ಚಿ ತಿಕ್ಕು. ರಕ್ತ ಹರದಾಡಿದ್ರ ಹಸಿವು ತಾನ ಬರ್ತದ.”

ಬೇರೆ ದಾರಿ ಇರಲಿಲ್ಲ. ಮರಿಲಿಂಗಪ್ಪ ಬಾಗಿಲು ಹಾಕಿ, ಕುಸುಬಿ ಎಣ್ಣೆಯ ಡಬ್ಬಿ ತಂದು, ಹೋತದ ಬೆನ್ನು ತಿಕ್ಕತೊಡಗಿದ. ತಿಕ್ಕಿ ಮುಗಿಸಿ ಕೈ ತೊಳೆಯುವಾಗ ತಂಬಿಗೆಯಿಂದ ನಾಲ್ಕು ಹನಿ ನೀರು ಅದರ ಬೆನ್ನಿಗೆ ಬಿತ್ತು. ಮುತ್ತಿನಂತೆ ಉರುಳಿ ಕೆಳಗೆ ಹೋಯಿತು. ಪೈಲ್ವಾನನ ಚರ್ಮ ಅಲುಗಲೂ ಇಲ್ಲ.

ಮರಿಲಿಂಗಪ್ಪ ತಂಬಿಗೆ ಹಿಡಿದವನು ಹಾಗೇ ನಿಂತುಬಿಟ್ಟ. ದುರಗಮ್ಮನ ಮುಂದೆ ಹೋತವನ್ನು ನಿಲ್ಲಿಸಿದ ಕೂಡಲೇ ಯಾರೂ ಕಡಿಯುವುದಿಲ್ಲ. ಮೊದಲು ಬೆನ್ನಿಗೆ ನೀರು ಹಾಕುತ್ತಾರೆ. ಹೋತ ಮೈ ಜಾಡಿಸಿದರೆ ದೇವಿ ಒಪ್ಪಿದಳು ಎಂದರ್ಥ. ಜಾಡಿಸದಿದ್ದರೆ ಮುಗಿಯಿತು, ಅದರ ಮೈಗೆ ಕತ್ತಿ ಮುಟ್ಟಿಸುವಂತಿಲ್ಲ.

ಅವನು ಕೊಂಬಿನಿಂದ ಬಾಲದವರೆಗೆ ಇಡೀ ಡಬ್ಬಿ ಸುರಿದ.

ಹೆಂಡತಿ ಹಣಮಂತಮ್ಮ ಒಳಗಿನಿಂದ ಬಂದವಳು ನೋಡಿ ಗಾಬರಿಯಾದಳು. “ಏನ್ರಿ ಇದು, ಹೋತನೋ ಮಿರ್ಚಿ ಭಜಿನೋ?”

“ಅಂಬಣ್ಣ ಡಾಕ್ಟರ ಹೇಳ್ಯಾನ,” ಎಂದ ಮರಿಲಿಂಗಪ್ಪ, ಗಂಭೀರವಾಗಿ.

ಹೊತ್ತು ಇಳಿಯುವಾಗ ಎಲ್ಲರೂ ಕಾಲುವೆ ದಂಡೆಯಲ್ಲಿ ಸೇರಿದರು. ಪುಷ್ಯಮಾಸದ ಗಾಳಿ ನೀರಿನ ಮೇಲಿಂದ ಹಾಯ್ದು ಮೈ ಕೊರೆಯುತ್ತಿತ್ತು. ಪೈಲ್ವಾನ ತಿನ್ನದಿದ್ದರೂ ಎಣ್ಣೆಯಿಂದ ಫಳಫಳ ಹೊಳೆಯುತ್ತಿತ್ತು. “ಕಳೆ ಬಂದದ ನೋಡು,” ಎಂದು ಕರೆಮ್ಮ ಅದನ್ನೇ ಆರೋಗ್ಯವೆಂದು ಒಪ್ಪಿಕೊಂಡಿದ್ದಳು. ಕಡಿಯಲು ಬಂದ ಬಾಷುಮಿಯಾ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ದೂರ ಕೂತ. “ಅಮ್ಮ ಒಪ್ಪಿದ ಮ್ಯಾಲ ಕರೀರಿ.”

ಕರೆಮ್ಮ ಹಣ್ಣು, ಹೂವು, ವೀಳ್ಯದೆಲೆಯ ತಟ್ಟೆ ಇಟ್ಟು, ಕಾಲುವೆಯ ನೀರಿನ ಕೊಡದಿಂದ ಒಂದು ತಂಬಿಗೆ ಸುರಿದಳು. ಹೋತ ಸುಮ್ಮನೆ ನಿಂತಿತ್ತು. ಇನ್ನೊಂದು ಸುರಿದಳು. ಮತ್ತೊಂದು. ಮರಿಲಿಂಗಪ್ಪ ಉಸಿರು ಬಿಡುವುದನ್ನೇ ಮರೆತಿದ್ದ.

“ತಾಯಿ, ನನ್ನಿಂದೇನು ತಪ್ಪಾತು?” ಎಂದು ಕರೆಮ್ಮ ನಾಲ್ಕನೆಯದನ್ನೂ ಸುರಿದಳು.

ಪೈಲ್ವಾನ ಒಂದು ಹೆಜ್ಜೆ ಮುಂದಿಟ್ಟಿತು. ಜನ ಕತ್ತು ಚಾಚಿದರು. ಅದು ಕತ್ತು ಬಗ್ಗಿಸಿ, ತಟ್ಟೆಯಲ್ಲಿದ್ದ ವೀಳ್ಯದೆಲೆ ತಿಂದಿತು. ಆಮೇಲೆ ಚೆಂಡುಹೂವು. ಆಮೇಲೆ ಸಿಪ್ಪೆಯ ಸಮೇತ ಬಾಳೆಹಣ್ಣು. ಇಡೀ ದಿನದಲ್ಲಿ ಅದಕ್ಕೆ ತಿನ್ನು ಎಂದು ಯಾರೂ ಹೇಳದಿದ್ದದ್ದು ಆ ಒಂದು ಗಳಿಗೆಯಲ್ಲೇ.

“ಅಮ್ಮ ಒಪ್ಪಲಿಲ್ರಿ,” ಎಂದು ಬಾಷುಮಿಯಾ ಎದ್ದ.

ಬದುಕಿತು! ತಿನ್ನುತ್ತಲೂ ಇದೆ! ಮರಿಲಿಂಗಪ್ಪನ ಎದೆಯ ಮೇಲಿಂದ ಭತ್ತದ ಚೀಲ ಇಳಿಸಿದಂತಾಯಿತು. ಕಣ್ಣಲ್ಲಿ ನೀರು ತುಂಬಿ, ಅಂಗಿ ಕಿತ್ತು ಪಕ್ಕಕ್ಕೆ ಹಾಕಿ, “ತಾಯಿ, ಉಳಿಸಿದಿ!” ಎಂದು ದೇವಿಯ ಮುಂದೆ ಉದ್ದಕ್ಕೆ ಅಡ್ಡಬಿದ್ದ.

ಅತ್ತ ಕರೆಮ್ಮನ ಸಿಟ್ಟು ನೆತ್ತಿಗೇರಿತ್ತು. “ದ್ಯಾವಿ ಎಡಿ ತಿಂತದ ನೋಡು, ಹಾಳಾದ್ದು!” ಎಂದು ಕೊಡ ಎತ್ತಿ ಉಳಿದ ನೀರನ್ನೆಲ್ಲ ಹೋತದ ಮೇಲೆ ಎರಚಿದಳು. ಪೈಲ್ವಾನ ಚಂಗನೆ ಪಕ್ಕಕ್ಕೆ ಜಿಗಿಯಿತು. ಅರ್ಧ ಕೊಡ ನೀರು ಮರಿಲಿಂಗಪ್ಪನ ಬರಿಬೆನ್ನಿಗೆ ಧಬಕ್ಕನೆ ಬಿತ್ತು.

“ಹೂಹೂಹೂ!” ಎಂದು ಎದ್ದು ನಿಂತ ಮರಿಲಿಂಗಪ್ಪ, ನೆತ್ತಿಯಿಂದ ಅಂಗಾಲಿನವರೆಗೆ ಮೈ ಜಾಡಿಸಿದ. ಒಂದು ಸಲವಲ್ಲ, ಮೂರು ಸಲ.

ದಂಡೆಯ ಮೇಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಕರೆಮ್ಮ ಕೊಡ ಕೆಳಗಿಟ್ಟು ಅಳಿಯನಿಗೆ ಕೈ ಮುಗಿದಳು.

“ದ್ಯಾವಿ ಅಳಿಯನ್ನ ಒಪ್ಯಾಳ!”

ಮರಿಲಿಂಗಪ್ಪ ಮೊದಲು ನೋಡಿದ್ದು ಬಾಷುಮಿಯಾನನ್ನು. ಬಾಷುಮಿಯಾ ಕತ್ತಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು, “ತೌಬಾ, ತೌಬಾ! ನಾ ಮನಿಗಿ ಹೋಗ್ತೀನ್ರಿ,” ಎಂದು ದಂಡೆ ಹಿಡಿದು ನಡೆದೇಬಿಟ್ಟ.

ಮನುಷ್ಯನನ್ನು ಕಡಿಯುವಂತಿಲ್ಲವಾದ್ದರಿಂದ ಹಿರಿಯರೆಲ್ಲ ಕೂತು ತೀರ್ಮಾನಿಸಿದರು. ಇವತ್ತಿನಿಂದ ಐದು ಮಂಗಳವಾರ ಮರಿಲಿಂಗಪ್ಪ ಉಪವಾಸವಿದ್ದು, ಬರಿಗಾಲಲ್ಲಿ ಐದು ಕೊಡ ನೀರು ಹೊತ್ತು ದೇವಿಗೆ ಎರೆಯಬೇಕು. ಸಾರಿನ ಆಸೆಗೆ ಬಂದವರು ಹೋಗುವಾಗ ಒಬ್ಬೊಬ್ಬರಾಗಿ ಅವನ ಕಾಲಿಗೆ ಬಿದ್ದರು. ಮುಳ್ಳು ಚುಚ್ಚಿದ ಜಾಗಕ್ಕೇ ಅಂಬಣ್ಣ ಹಣೆ ಒತ್ತಿದ.

ದೀಪ ಹಚ್ಚುವ ಹೊತ್ತಿಗೆ ಮನೆಯ ಕಟ್ಟೆಯ ಮೇಲೆ ಮರಿಲಿಂಗಪ್ಪ ಹೊಟ್ಟೆ ಅವುಚಿಕೊಂಡು ಕೂತಿದ್ದ. ಅವನ ಪಾಲಿನ ರೊಟ್ಟಿಯನ್ನು ಪೈಲ್ವಾನ ಕಣ್ಣು ಅರೆಮುಚ್ಚಿ ಮೆಲ್ಲುತ್ತಿತ್ತು. ಹಣಮಂತಮ್ಮ ಪಕ್ಕದಲ್ಲಿ ಬಂದು ಕೂತಳು.

“ಖರೇ ಹೇಳ್ರಿ. ಮೈಮ್ಯಾಲ ದ್ಯಾವಿ ಬಂದಿದ್ಲೇನು?”

“ಎಲ್ಲಿ ದ್ಯಾವಿ? ನೀರು ಐಸ್ ಆಗಿದ್ವು.”

“ಮತ್ತ ಅಲ್ಲೇ ಹಂಗ ಹೇಳಬಾರದೇನ್ರಿ?”

ಮರಿಲಿಂಗಪ್ಪ ಒಳಗೆ ಅತ್ತೆ ಮಲಗಿದ್ದಾಳೆಯೇ ಎಂದು ಇಣುಕಿ ನೋಡಿ, ದನಿ ತಗ್ಗಿಸಿದ. “ಹೇಳತಿದ್ನಿ. ಹಂಗಾದ್ರ ಅದೇ ನೀರಿಗಿ ಹೋತ ಯಾಕ ಜಾಡಸಲಿಲ್ಲ ಅಂತ ಕೇಳಿದ್ರ?”

ಹಣಮಂತಮ್ಮ ಗಂಡನನ್ನು ನೋಡಿದಳು, ಹೊಳೆಯುವ ಹೋತವನ್ನು ನೋಡಿದಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತ ಒಳಗೆ ಹೋಗಿ, ಉಳಿದಿದ್ದ ಇನ್ನೊಂದು ರೊಟ್ಟಿಯನ್ನೂ ತಂದು ಪೈಲ್ವಾನನ ಮುಂದಿಟ್ಟಳು. ಅದು ಅದನ್ನೂ ತಿಂದಿತು.