ಬೀಳು ಬಿಟ್ಟ ಒಂದು ವಾರ

ಜ್ವರಕ್ಕಿರುವ ಮರ್ಯಾದೆ ದಣಿವಿಗಿಲ್ಲ. ಜ್ವರ ಬಂದರೆ ಥರ್ಮಾಮೀಟರು ಸಾಕ್ಷಿ ಹೇಳುತ್ತದೆ; ದಣಿವು ಎಂದರೆ ಮನೆಯವರು 'ಯಾರಿಗಿಲ್ಲ?' ಎಂದು ಪೇಪರಿನ ಹಾಳೆ ತಿರುಗಿಸುತ್ತಾರೆ. ಹನ್ನೊಂದು ವರ್ಷದಿಂದ ದಿನಾ ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೋಗಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿ ಬರುವ ನಾನು ಎಷ್ಟು ದಣಿದಿದ್ದೇನೆಂದರೆ, ದಣಿದಿದ್ದೇನೆ ಎಂದು ಹೇಳುವುದಕ್ಕೂ ಬೇಸರ. ಅಂಥ ನನ್ನ ದಣಿವಿಗೆ ಮನೆಯಲ್ಲಿ ಬೆಲೆ ತಂದುಕೊಟ್ಟದ್ದು ಒಂದು ಹಳೆಯ ಕಪ್ಪು ಬಿಳುಪು ಇಂಗ್ಲಿಷ್ ಸಿನಿಮಾ.

ನಮ್ಮೂರಿನ ಸಿನಿಮಾ ಕೂಟದವರು ತಿಂಗಳಿಗೊಂದು ಭಾನುವಾರ ಸಂಜೆ ಇಂಥದ್ದನ್ನು ತೋರಿಸುತ್ತಾರೆ. ನಾನು ಹೋಗುವುದು ಕಲೆಯ ಮೇಲಿನ ಪ್ರೀತಿಗಲ್ಲ, ಕತ್ತಲಲ್ಲಿ ಎರಡು ತಾಸು ಯಾರೂ ಏನೂ ಕೇಳುವುದಿಲ್ಲವೆಂದು. ಆ ಸಲ ನಮ್ಮ ಯಜಮಾನರೂ ಬಂದರು. ಸಿನಿಮಾದಲ್ಲಿ ಒಂದು ದೊಡ್ಡ ಮನೆ, ಅಲ್ಲೊಬ್ಬಳು ಹೆಂಗಸು. ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾಳೆ, ಹಾಕಿದ ಬಾಗಿಲನ್ನೇ ಮತ್ತೆ ಮತ್ತೆ ಹೋಗಿ ನೋಡುತ್ತಾಳೆ, ಮಹಡಿಯ ಮೇಲೆ ಹೆಜ್ಜೆ ಸದ್ದು ಕೇಳಿ ಬೆಚ್ಚುತ್ತಾಳೆ. ಮನೆಯವರೆಲ್ಲ ಇಸ್ತ್ರಿ ಬಟ್ಟೆ ಹಾಕಿಕೊಂಡು ಸುಮ್ಮನೆ ನೋಡುತ್ತಾರೆ. ಕೊನೆಗೆ ಅವಳ ಕೋಣೆಯ ಒಳಗಿಂದ ಪಿಸ್ತೂಲಿನ ಸದ್ದಾಗುತ್ತದೆ, ಅವಳೇ ಗುಂಡು ಹಾರಿಸಿಕೊಂಡಿರುತ್ತಾಳೆ. ಆಮೇಲಿನ ಚರ್ಚೆಯಲ್ಲಿ ನನಗೆ ಎಲ್ಲಿಲ್ಲದ ಸಿಟ್ಟು ಬಂದು, ಆ ಮನೆಯ ಒಬ್ಬರಾದರೂ 'ಏನಾಗಿದೆಯಮ್ಮ ನಿನಗೆ' ಎಂದು ಕೇಳಬಾರದಿತ್ತೇ ಎಂದು ಎದ್ದು ನಿಂತು ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ನಮ್ಮವರು ಮಾತ್ರ ಚಪ್ಪಾಳೆ ತಟ್ಟದೆ ನನ್ನನ್ನೇ ನೋಡುತ್ತಿದ್ದರು.

ಅವರದು ನವುಲೆಯ ಕಡೆ ಮಣ್ಣು ಪರೀಕ್ಷೆ ಮಾಡುವ ಕೆಲಸ. ರೈತರು ಒಂದೇ ಮೂಲೆಯ ಮಣ್ಣು ಕಟ್ಟಿಕೊಂಡು ಬಂದರೆ ವಾಪಸು ಕಳಿಸುತ್ತಾರೆ. ಹೊಲದ ಐದು ಕಡೆ ಅಗೆದು ತರದೆ ತೀರ್ಮಾನ ಹೇಳುವುದಿಲ್ಲ. ಮರುದಿನದಿಂದ ನನ್ನನ್ನೂ ಹಾಗೇ ಅಗೆಯತೊಡಗಿದರು. 'ಹಾಲು, ದೋಸೆ ಹಿಟ್ಟು, ಎಂಟನೇ ಕ್ಲಾಸಿನ ಪೇಪರು' ಎಂದು ಗೊಣಗುತ್ತಾ ಬಟ್ಟೆ ಮಡಿಸುತ್ತಿದ್ದೆ. ಬಾಗಿಲ ಸಂದಿಯಲ್ಲಿ ಅವರು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ದಾರಿಯಿಂದ ಎರಡು ಸಲ ವಾಪಸು ಬಂದೆ. ಗೇಟಿನ ಹತ್ತಿರ ಅವರು. ಮೇಲಿನ ಮನೆಯ ಮಕ್ಕಳು ಓಡಿದ್ದಕ್ಕೆ ಬೆಚ್ಚಿದೆ. ಹುಳಿಗೆ ಎರಡು ಸಲ ಉಪ್ಪು ಹಾಕಿದೆ. ಐದನೆಯದಾಗಿ, ಭದ್ರಾವತಿಯಲ್ಲಿ ಇಳಿಯಬೇಕಾದವಳು ಬಸ್ಸಿನಲ್ಲೇ ನಿದ್ದೆಹೋಗಿ ತರೀಕೆರೆ ಮುಟ್ಟಿದೆ.

ಆ ಸಂಜೆ ನಮ್ಮವರು ಟಿವಿ ಆರಿಸಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. "ಮಾರಾಯ್ತಿ, ನಿನ್ನಲ್ಲಿ ಸಾರ ಏನೂ ಉಳ್ದಿಲ್ಲ. ಒಂದು ವಾರ ಬೀಳು ಬಿಡ್ಬೇಕು. ರಜಾ ಹಾಕು, ಮನೆ ನಾನು ನೋಡ್ಕೋತೀನಿ" ಎಂದರು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಕೇಳದ ಮಾತು. ನನಗೆ ಅಳು ಬಂತು. ಅದನ್ನೂ ರೋಗದ ಲಕ್ಷಣವೆಂದು ತಿಳಿದು ಅವರು ಈಳಿಗೆಮಣೆಯನ್ನು ಎತ್ತಿ ಅಟ್ಟದ ಮೇಲೆ ಬಚ್ಚಿಟ್ಟರು. ಮರುದಿನ ಹುರುಳಿಕಾಯಿ ಹೆಚ್ಚಲು ಅದನ್ನೇ ಅರ್ಧ ಗಂಟೆ ಹುಡುಕಿದರು.

ಆ ವಾರದ ಸುಖವನ್ನು ಏನೆಂದು ಹೇಳಲಿ. ಮಲಗಿದಲ್ಲಿಗೇ ಕಾಫಿ ಬರುತ್ತಿತ್ತು. ಯಾರಾದರೂ ಬಂದರೆ ನಮ್ಮವರು ಬಾಗಿಲಲ್ಲೇ ತಗ್ಗಿದ ದನಿಯಲ್ಲಿ ಮಾತಾಡಿ ಕಳಿಸುತ್ತಿದ್ದರು. ಮೂರನೆಯ ದಿನಕ್ಕೇ ನನ್ನ ದಣಿವು ಇಳಿದಿತ್ತು. ಆದರೂ ಅವರು ಹತ್ತಿರ ಸುಳಿದಾಗ ಒಂದಿಷ್ಟು ಗೊಣಗುವುದನ್ನು ನಾನು ಬಿಡಲಿಲ್ಲ.

ಆರನೆಯ ದಿನ ಅಡುಗೆಮನೆಯಿಂದ 'ಹಾಲು, ನಲ್ಲಿ ನೀರು, ಇಡ್ಲಿ ಹಿಟ್ಟು' ಎಂದು ಗೊಣಗುವುದು ಕೇಳಿತು. ಗೊಣಗುತ್ತಿದ್ದವಳು ನಾನಲ್ಲ. ಆಮೇಲೆ ಸ್ಕೂಟರು ಹೊರಟಿದ್ದು ಗ್ಯಾಸ್ ನೋಡಲು ವಾಪಸು ಬಂತು. ಕುಕ್ಕರು ಕೂಗಿದ್ದಕ್ಕೆ ಅವರು ಬೆಚ್ಚಿಬಿದ್ದರು. ಮಧ್ಯಾಹ್ನದ ಸಾರು ಬಾಯಿಗಿಡುವಂತಿರಲಿಲ್ಲ, ಅಷ್ಟು ಉಪ್ಪು. ಸಂಜೆ ಇಣುಕಿದರೆ, ಬೆಳ್ಳುಳ್ಳಿ ಸುಲಿಯಲು ಕೂತವರು ತಟ್ಟೆ ಮಡಿಲಲ್ಲಿಟ್ಟುಕೊಂಡೇ ಗೋಡೆಗೊರಗಿ ತೂಕಡಿಸುತ್ತಿದ್ದರು. ಲೆಕ್ಕ ಹಾಕಿದೆ, ಐದಾಯಿತು.

ಪಾಪ ಎನ್ನಿಸಿತು. 'ಏನಾಗಿದೆ ರೀ ನಿಮಗೆ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಕೇಳಿದರೆ ಆ ತಟ್ಟೆಯನ್ನು ನಾನು ಎತ್ತಿಕೊಳ್ಳಬೇಕು. ಸಿನಿಮಾದ ಆ ಮನೆಯವರು ಅವಳನ್ನು ಯಾಕೆ ಏನೂ ಕೇಳಲಿಲ್ಲವೆಂದು ನನಗೆ ಆಗ ಚೆನ್ನಾಗಿ ಅರ್ಥವಾಯಿತು. ಸದ್ದಾಗದಂತೆ ವಾಪಸು ಹೋಗಿ ಮಲಗಿದೆ. ನನ್ನ ರಜೆ ಇನ್ನೂ ಒಂದು ದಿನ ಬಾಕಿ ಇತ್ತು.